ನಲವತ್ತಾರು ಗುಂಟೆ

2023ರ ಗೌರಿ ಹಬ್ಬಕ್ಕೆ ಎರಡು ದಿನ ಮುಂಚೆ ತಮ್ಮ ಬಾಗಿನದ ಮೊರದ ಜೊತೆಗೆ ಒಂದು ಪ್ಲಾಸ್ಟಿಕ್ ಫೈಲನ್ನೂ ತಂದಿದ್ದ. ಮೊರವನ್ನು ದೇವರ ಮನೆಯಲ್ಲಿಟ್ಟ. ಫೈಲನ್ನು ಟೀಪಾಯಿಯ ಮೇಲಿದ್ದ ದಿನಪತ್ರಿಕೆಯ ಅಡಿಗೆ ತಳ್ಳಿದ. ಕಾಫಿ ಕುಡಿದು ಮುಗಿಸುವವರೆಗೂ ಅದರ ಸುದ್ದಿ ಎತ್ತಲಿಲ್ಲ. ಲೋಟ ಕೆಳಗಿಟ್ಟ ಮೇಲೆ, ನನ್ನ ಮುಖ ನೋಡದೆ, "ಚಿಕ್ಕಕ್ಕ, ಹಕ್ಕು ಬಿಡುಗಡೆ ಪತ್ರದ ಕರಡು ಅದು. ಬಿಡುವಾದಾಗ ಓದು. ಅರಿಶಿನ ಕುಂಕುಮಕ್ಕೆಂದು ನಿಮ್ಮಿಬ್ಬರಿಗೂ ತಲಾ ಐವತ್ತು ಸಾವಿರ ಇಟ್ಟಿದ್ದೇನೆ" ಎಂದ.

ಅವನ ಕಷ್ಟ ಸುಳ್ಳಾಗಿರಲಿಲ್ಲ. ನಮ್ಮದು ತಿಪಟೂರು ಸೀಮೆ, ತೆಂಗಿನ ತೋಟ. ಅಪ್ಪ ತೀರಿಕೊಂಡದ್ದು 1999ರಲ್ಲಿ, ಅಮ್ಮ 2022ರಲ್ಲಿ. ಇಷ್ಟು ವರ್ಷವಾದರೂ ಪಹಣಿಯ 9ನೇ ಕಾಲಂನಲ್ಲಿ, ಮಾಲೀಕರ ಜಾಗದಲ್ಲಿ, ಅಪ್ಪನ ಹೆಸರೇ ಇತ್ತು. ಯಾರೂ ಪೌತಿ ಖಾತೆ ಮಾಡಿಸುವ, ಎಂದರೆ ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವ, ಗೋಜಿಗೆ ಹೋಗಿರಲಿಲ್ಲ. ಆ ವರ್ಷ ಉಂಡೆ ಕೊಬ್ಬರಿಗೆ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ, ತಿಪಟೂರು ಮಾರುಕಟ್ಟೆಯಲ್ಲಿ ಸಿಗುತ್ತಿದ್ದುದು ಎಂಟು ಸಾವಿರದ ಆಸುಪಾಸು. ಬೆಂಬಲ ಬೆಲೆಗೆ ಮಾರಬೇಕೆಂದರೆ ಸರ್ಕಾರದ ಫ್ರೂಟ್ಸ್ ತಂತ್ರಾಂಶದಲ್ಲಿ ರೈತನ ಹೆಸರಿಗೆ ಎಫ್‌ಐಡಿ ಎಂಬ ಗುರುತಿನ ಸಂಖ್ಯೆ ಇರಬೇಕು, ಅದಕ್ಕೆ ಜಮೀನು ಅವನ ಹೆಸರಿನಲ್ಲಿರಬೇಕು. ಇಪ್ಪತ್ತನಾಲ್ಕು ವರ್ಷ ತೋಟ ನೋಡಿಕೊಂಡವನು ಕಾಗದದ ಪ್ರಕಾರ ರೈತನೇ ಅಲ್ಲ.

"ನೋಡುತ್ತೇನೆ" ಎಂದೆ. ಅವನು ಹೋದ ಮೇಲೆ ಫೈಲು ತೆರೆದು ಒಂದೇ ಒಂದು ಸಾಲು ಓದಿದೆ: ಒಟ್ಟು 3 ಎಕರೆ 24 ಗುಂಟೆ, ಸಾಗುವಳಿಗೆ ಬಾರದ ಖರಾಬು 6 ಗುಂಟೆ, ಉಳಿದದ್ದು 3 ಎಕರೆ 18 ಗುಂಟೆ. ಎಕರೆಗೆ ನಲವತ್ತರಂತೆ 138 ಗುಂಟೆ. ಮೂರರಿಂದ ಭಾಗಿಸಿದರೆ 46. ಶೇಷ ಉಳಿಯುವುದಿಲ್ಲ.

ನಾನು ಮೂವತ್ತಾರು ವರ್ಷ ಸರ್ಕಾರಿ ಶಾಲೆಯಲ್ಲಿ ಗಣಿತ ಹೇಳಿಕೊಟ್ಟವಳು. 2021ರಲ್ಲಿ ನಿವೃತ್ತಳಾದೆ. ಎಣಿಸುವುದು ನನ್ನ ಕಸುಬು. ಆದರೆ ತವರಿಗೆ ಹೋದಾಗಲೆಲ್ಲ ನಾನು ಎಣಿಸುತ್ತಿದ್ದುದು ಕಸುಬಿನ ಕಾರಣಕ್ಕಲ್ಲ. ಕೆಂಪು ಗಾರೆಯ ನೆಲ ಹೋಗಿ ಹೊಳೆಯುವ ಟೈಲ್ಸ್ ಬಂದ ವರ್ಷ, ಎರಡನೆಯ ಕೊಳವೆಬಾವಿ ಕೊರೆಸಿದ ವರ್ಷ, ತಮ್ಮನ ಮಗಳಿಗೆ ಎಂಜಿನಿಯರಿಂಗ್ ಸೀಟು ಸಿಕ್ಕ ವರ್ಷ, ಎಲ್ಲವೂ ನನ್ನ ತಲೆಯಲ್ಲಿ ತಾರೀಕಿನ ಸಮೇತ ಇದ್ದವು. ಬಸ್ಸಿನಲ್ಲಿ ತುಮಕೂರಿಗೆ ಹಿಂದಿರುಗುವಾಗ ಕೂಡುತ್ತಾ ಬರುತ್ತಿದ್ದೆ. ನನ್ನ ಲೆಕ್ಕದಲ್ಲಿ ಒಂದು ವಿಚಿತ್ರವಿತ್ತು: ಅವರಿಗೆ ಬಂದದ್ದನ್ನು ಕೂಡುತ್ತಿದ್ದೆ, ಅವರಿಂದ ಹೋದದ್ದನ್ನು ಎಂದೂ ಕಳೆಯುತ್ತಿರಲಿಲ್ಲ. ಏಳನೇ ತರಗತಿಯ ಮಕ್ಕಳು ಹೀಗೆ ಮಾಡಿದ್ದರೆ ಕಿವಿ ಹಿಂಡಿರುತ್ತಿದ್ದೆ.

ಅಕ್ಕನ ವಿಷಯದಲ್ಲಿ ಇನ್ನೂ ಹಳೆಯ ಲೆಕ್ಕವಿತ್ತು. ನನಗಿಂತ ಏಳು ವರ್ಷ ದೊಡ್ಡವಳು. 1973ರಲ್ಲಿ ಚಿಕ್ಕನಾಯಕನಹಳ್ಳಿ ಕಡೆಯ ದೊಡ್ಡ ಮನೆಗೆ ಕೊಟ್ಟರು. ತೊಟ್ಟಿ ಮನೆ, ಅಡಿಕೆ, ತೆಂಗು, ಆಳು ಕಾಳು. ಅವಳು ಎರಡು ಸಲ ಉಟ್ಟ ರೇಷ್ಮೆ ಸೀರೆ ನನಗೆ ಬರುತ್ತಿತ್ತು. ನಾನದನ್ನು ಸಂತೋಷದಿಂದಲೇ ಉಡುತ್ತಿದ್ದೆ, ಮಡಿಸುವಾಗ ಮಾತ್ರ ಸ್ವಲ್ಪ ಜೋರಾಗಿ ಮಡಿಸುತ್ತಿದ್ದೆ. ಕೆಲಸದಲ್ಲಿದ್ದಾಗ ಹೊಟ್ಟೆಕಿಚ್ಚಿಗೂ ಭಾನುವಾರ ಮಾತ್ರ ಬಿಡುವಿತ್ತು. ನಿವೃತ್ತಿಯಾದ ಮೇಲೆ ಅದಕ್ಕೆ ವಾರವೆಲ್ಲ ರಜೆ.

ಕಾನೂನು ನನ್ನ ಕಡೆ ಬರುವುದಕ್ಕೆ ಸುಮಾರು ಕಾಲ ತೆಗೆದುಕೊಂಡಿತ್ತು. 1994ರಲ್ಲಿ ಕರ್ನಾಟಕದ ತಿದ್ದುಪಡಿ ಜಾರಿಗೆ ಬಂದು ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳಂತೆಯೇ ಹಕ್ಕು ಎಂದಿತು. ಆದರೆ ಅದಕ್ಕೂ ಮೊದಲೇ ಮದುವೆಯಾದವರಿಗೆ ಇಲ್ಲ. ನನ್ನ ಮದುವೆ 1984ರಲ್ಲಿ. 2005ರಲ್ಲಿ ಕೇಂದ್ರದ ತಿದ್ದುಪಡಿ ಬಂತು. ಆ ವರ್ಷದ ಸೆಪ್ಟೆಂಬರ್ 9ಕ್ಕೆ ತಂದೆ ಬದುಕಿರಬೇಕು ಎಂದು 2015ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ನಮ್ಮಪ್ಪ ಆರು ವರ್ಷ ಮುಂಚೆಯೇ ಹೋಗಿದ್ದರು. ಕೊನೆಗೆ 2020ರ ಆಗಸ್ಟ್ 11ರಂದು, ವಿನೀತಾ ಶರ್ಮಾ ಪ್ರಕರಣದಲ್ಲಿ, ಹಕ್ಕು ಹುಟ್ಟಿನಿಂದಲೇ ಬರುತ್ತದೆ, ತಂದೆ ಆ ದಿನ ಬದುಕಿರಬೇಕಾಗಿಲ್ಲ ಎಂದು ಅದೇ ನ್ಯಾಯಾಲಯ ತೀರ್ಪು ಕೊಟ್ಟಿತು. ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಎಂದು ಗಾದೆ. ಹೆಣ್ಣುಮಕ್ಕಳು ದಾಯಾದಿಗಳಾಗುವುದಕ್ಕೆ ದೆಹಲಿಯ ತೀರ್ಪು ಬೇಕಾಯಿತು.

ಸಹಿ ಹಾಕುವುದಿಲ್ಲ, ನನ್ನ ಪಾಲು ಬೇಕು ಎಂದು ತಮ್ಮನಿಗೆ ಫೋನಿನಲ್ಲಿ ತಿಳಿಸಿದೆ. ಎದುರಿಗೆ ಹೇಳುವ ಧೈರ್ಯ ಇರಲಿಲ್ಲ. ಅವನು ಒಂದು ಕ್ಷಣ ಸುಮ್ಮನಿದ್ದು "ಆಯಿತು" ಎಂದ. ನನ್ನ ಜೊತೆ ನಿವೃತ್ತರಾದ ಶಿಕ್ಷಕಿಯರೆಲ್ಲ ಬೆನ್ನು ತಟ್ಟಿದರು, ಹೀಗೆ ಗಟ್ಟಿಯಾಗಿ ನಿಲ್ಲಬೇಕು ಎಂದರು. ನಮ್ಮ ಯಜಮಾನರು ಮಾತ್ರ, "ತೆಗೆದುಕೊಳ್ಳುವುದಾದರೆ ತೆಗೆದುಕೋ. ಆದರೆ ನ್ಯಾಯಕ್ಕಾಗಿ ಎಂದು ನನ್ನ ಮುಂದೆ ಹೇಳಬೇಡ. ನಿನ್ನ ಮುಖದಲ್ಲಿ ನನಗೆ ನ್ಯಾಯ ಕಾಣುತ್ತಿಲ್ಲ" ಎಂದರು. ಸಹಕಾರ ಸಂಘದಲ್ಲಿ ಗುಮಾಸ್ತರಾಗಿದ್ದವರು. ಎದುರಿಗಿರುವವರ ಮುಖ ನೋಡಿ ಸಾಲ ವಾಪಸು ಬರುತ್ತದೋ ಇಲ್ಲವೋ ಹೇಳಬಲ್ಲವರು.

ಅವರ ಮಾತು ನಿಜ. ಹಕ್ಕು ನನ್ನದೇ, ಅದರಲ್ಲಿ ಅನುಮಾನವಿಲ್ಲ. ಆದರೆ ನಾನು ಅದನ್ನು ಕೇಳಿದ್ದು ಟೈಲ್ಸ್ ನೆಲದ ಮೇಲಿನ ಸಿಟ್ಟಿಗೆ.

ಈ ನಡುವೆ ಅಕ್ಕ ಒಂದು ಮಾತೂ ಆಡದೆ ಸಹಿ ಹಾಕಲು ಒಪ್ಪಿದಳು. ಐವತ್ತು ಸಾವಿರವೂ ಬೇಡ, ತವರು ಚೆನ್ನಾಗಿದ್ದರೆ ಸಾಕು ಎಂದಳಂತೆ. ಇದನ್ನು ಕೇಳಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅವಳ ಚಿನ್ನದ ಮೇಲೆ, ಮನೆಯ ಮೇಲೆ ಪಟ್ಟ ಕರುಬೆಲ್ಲ ಇದರ ಮುಂದೆ ಏನೂ ಅಲ್ಲ. ಬೇಡ ಎನ್ನುವಷ್ಟು ಇರುವುದೇ ದೊಡ್ಡ ಐಶ್ವರ್ಯ ಅನ್ನಿಸಿತು. ಅವಳು ತ್ಯಾಗಮಯಿ, ನಾನು ಆಸೆಬುರುಕಿ. ಊರಿನಲ್ಲಿ ಅಷ್ಟು ಹೊತ್ತಿಗೆ ಹಾಗೆಯೇ ಮಾತಾಗಿತ್ತು ಕೂಡ.

ಸಹಿ ಹಾಕುವವರು ಇರಲಿ, ಹಾಕದವರು ಇರಲಿ, ಮೊದಲು ವಂಶವೃಕ್ಷ ಬೇಕು. ನಾಡಕಚೇರಿಯಲ್ಲಿ ಅರ್ಜಿ ಕೊಟ್ಟು, ಆಧಾರ್ ಪ್ರತಿ, ಅಪ್ಪ ಅಮ್ಮನ ಮರಣ ಪ್ರಮಾಣಪತ್ರ, ಅಫಿಡವಿಟ್ ಎಲ್ಲ ಲಗತ್ತಿಸಿದೆವು. ಗ್ರಾಮ ಲೆಕ್ಕಿಗರು ಊರಿಗೆ ಬಂದು ಅಕ್ಕಪಕ್ಕದವರ ಮುಂದೆ ಮಹಜರು ಮಾಡಿದರು. (ಈಗ ಅವರನ್ನು ಗ್ರಾಮ ಆಡಳಿತ ಅಧಿಕಾರಿ ಎನ್ನಬೇಕು. ಊರಿನ ಬಾಯಲ್ಲಿ ಇನ್ನೂ ಶಾನುಭೋಗರೇ.) ಜಗಲಿಯ ಮೇಲೆ ಕುರ್ಚಿ ಹಾಕಿ, ಕಾಗದದ ನಡುವೆ ಅಪ್ಪನ ಹೆಸರು ಬರೆದು, ಕೆಳಗೆ ಗೆರೆ ಎಳೆದು, "ಮಕ್ಕಳು ಎಷ್ಟು ಜನ?" ಎಂದು ಕೇಳಿದರು.

ತಮ್ಮ "ಮೂವರು" ಎಂದ.

ಅಕ್ಕ "ನಾಲ್ವರು" ಎಂದಳು.

ನಮಗೆ ಗೊತ್ತಿಲ್ಲದ್ದೇನಲ್ಲ. ಅಕ್ಕನಿಗೂ ನನಗೂ ನಡುವೆ ಒಂದು ಗಂಡುಮಗು ಹುಟ್ಟಿ, ಎರಡೂವರೆ ವರ್ಷಕ್ಕೆ ದಡಾರ ಬಂದು ಹೋಯಿತೆಂದು ಅಮ್ಮ ಯಾವಾಗಲೋ ಒಮ್ಮೆ ಹೇಳಿದ್ದಳು. ನಾನು ಹುಟ್ಟುವುದಕ್ಕೆ ಕೆಲವು ತಿಂಗಳ ಮುಂಚೆ. ನಮ್ಮಿಬ್ಬರಿಗೆ ಅದು ಕೇಳಿದ ಕಥೆ. ಅಕ್ಕನಿಗೆ ಹಾಗಲ್ಲ, ಆಗ ಅವಳಿಗೆ ಆರು ದಾಟಿತ್ತು. ಸೊಂಟದ ಮೇಲೆ ಕೂರಿಸಿಕೊಂಡು ತೋಟಕ್ಕೆ ಒಯ್ಯುತ್ತಿದ್ದಳಂತೆ. ಅವನು ಅವಳ ಜಡೆ ಹಿಡಿದು ಎಳೆಯುತ್ತಿದ್ದನಂತೆ. ಎಲ್ಲರೆದುರು ಅವಳು ಇದನ್ನೆಲ್ಲ ಹೇಳತೊಡಗಿದಳು. ಎಪ್ಪತ್ತರ ಹತ್ತಿರದ ಹೆಂಗಸು, ಅರವತ್ತು ವರ್ಷ ಬಾಯಿ ಬಿಡದ ವಿಷಯ. ಮಹಜರಿಗೆ ಬಂದಿದ್ದ ಅಕ್ಕಪಕ್ಕದ ಗಂಡಸರು ನೆಲ ನೋಡುತ್ತಾ ನಿಂತರು.

ನಾನು ಅವಳ ಮಾತು ಕೇಳುತ್ತಲೇ ಇದ್ದೆ. ಕೇಳುತ್ತಿರುವಾಗಲೇ ನನ್ನ ತಲೆಯಲ್ಲಿ ಒಂದು ಅಂಕಿ ಮೂಡಿತು: 34 ಗುಂಟೆ 8 ಆಣೆ.

138ನ್ನು ನಾಲ್ಕರಿಂದ ಭಾಗಿಸಿದ್ದೆ. ಅವನು ಬದುಕಿದ್ದರೆ ನನಗೆ ಹನ್ನೊಂದೂವರೆ ಗುಂಟೆ ಕಡಿಮೆಯಾಗುತ್ತಿತ್ತು ಎಂದು ಎರಡೂವರೆ ವರ್ಷದ ಮಗುವಿನ ಮೇಲೆ ಲೆಕ್ಕ ಹಾಕಿದ್ದೆ. ಬೇಕೆಂದು ಹಾಕಿದ್ದಲ್ಲ, ಅದೇ ಹಾಕಿಕೊಂಡಿತು. ನಾನು ಒಳಗೆ ಹೋಗಿ ಹಿತ್ತಲ ಬಾಗಿಲ ಬಳಿ ನಿಂತೆ. ತಮ್ಮನ ಹೆಂಡತಿ ಅಳು ಬಂತೆಂದು ತಿಳಿದು ನೀರು ತಂದುಕೊಟ್ಟಳು. ಕುಡಿದೆ. ಈ ಅಂಕಿಯನ್ನು ನಮ್ಮ ಯಜಮಾನರಿಗೂ ಹೇಳಿಲ್ಲ, ಇಲ್ಲಿಯೇ ಮೊದಲು ಬರೆಯುತ್ತಿದ್ದೇನೆ.

ಹೊರಗೆ ಬಂದಾಗ ಅಧಿಕಾರಿ ಸಮಾಧಾನವಾಗಿಯೇ ವಿವರಿಸುತ್ತಿದ್ದರು. "ಬೇಡಮ್ಮ, ಬರೆದರೆ ಆ ಮಗುವಿನ ಮರಣ ಪ್ರಮಾಣಪತ್ರ ಕೇಳುತ್ತಾರೆ. ಎಲ್ಲಿಂದ ತರುತ್ತೀರಿ? ಹಕ್ಕಿಗೆ ಏನೂ ವ್ಯತ್ಯಾಸವಾಗುವುದಿಲ್ಲ." ಹುಟ್ಟಿದ್ದಕ್ಕೂ ಕಾಗದವಿಲ್ಲ, ಸತ್ತದ್ದಕ್ಕೂ ಇಲ್ಲ. ವಂಶವೃಕ್ಷದಲ್ಲಿ ಮೂರೇ ಕೊಂಬೆ ಬಂದವು. ಅಕ್ಕ ಮಾರನೆಯ ವಾರ ಅದರ ಜೆರಾಕ್ಸ್ ಪ್ರತಿಯಲ್ಲಿ ತನ್ನ ಹೆಸರಿಗೂ ನನ್ನ ಹೆಸರಿಗೂ ನಡುವೆ ಬಾಲ್‌ಪೆನ್ನಿನಲ್ಲಿ ಇನ್ನೊಂದು ಗೆರೆ ಎಳೆದಿದ್ದಳು. ಹೆಸರು ಬರೆದಿರಲಿಲ್ಲ. ಹೆಸರಿಡುವ ಮೊದಲು ಮನೆಯಲ್ಲಿ ಕರೆಯುತ್ತಿದ್ದ ಮುದ್ದಿನ ಹೆಸರೊಂದೇ ಅವಳಿಗೆ ನೆನಪಿದ್ದದ್ದು, ಅದನ್ನು ಕಾಗದದಲ್ಲಿ ಬರೆಯಲು ನಾಚಿಕೆ ಎಂದಳು.

ಮಹಜರಿನ ದಿನವೇ, ಬಸ್ ನಿಲ್ದಾಣದಲ್ಲಿ, ಅಕ್ಕ ನನ್ನನ್ನು ಬೆಚ್ಚಿಬೀಳಿಸಿದಳು. "ನಾನೂ ಸಹಿ ಹಾಕುವುದಿಲ್ಲ ಕಣೆ. ನನಗೂ ಪಾಲು ಬೇಕು."

"ನಿನಗೇನು ಕಡಿಮೆಯಾಗಿದೆ ಅಕ್ಕ?" ನನ್ನ ಬಾಯಿಂದ ಬಂದದ್ದು ಇದೇ ಮಾತು. ಊರಿನವರು ನನ್ನನ್ನು ಕೇಳಿದ್ದೂ ಇದನ್ನೇ.

"ರೇಷನ್ ಕಾರ್ಡಿನಲ್ಲಿ ನಾನೇ ಯಜಮಾನಿ. ಅದು ಬಿಟ್ಟರೆ ಆ ಮನೆಯ ಯಾವ ಕಾಗದದಲ್ಲೂ ನಾನಿಲ್ಲ. ಜಮೀನು ಅವರದು, ಮನೆ ದೊಡ್ಡ ಮಗನದು, ಅಂಗಡಿ ಚಿಕ್ಕವನದು. ನೂರು ರೂಪಾಯಿ ಬೇಕಾದರೂ ಯಾಕೆ ಎಂದು ಹೇಳಿ ತೆಗೆದುಕೊಳ್ಳಬೇಕು." ಸ್ವಲ್ಪ ಹೊತ್ತು ಬಿಟ್ಟು, "ನಿನಗೆ ತಿಂಗಳಿಗೊಂದು ಸಲ ನಿನ್ನ ಹೆಸರಿಗೇ ಸಂಬಳ ಬರುತ್ತಿತ್ತಲ್ಲ" ಎಂದಳು. ಅಷ್ಟರಲ್ಲಿ ಅವಳ ಬಸ್ ಬಂತು.

ಬಸ್ ಹೋದ ಮೇಲೂ ನಾನು ಆ ಕಲ್ಲು ಬೆಂಚಿನ ಮೇಲೆ ಕುಳಿತಿದ್ದೆ. ಐವತ್ತು ವರ್ಷ ಅವಳನ್ನು ನೋಡಿ ಉರಿದುಕೊಂಡಿದ್ದೆ. ಅದಕ್ಕೆ ಬೇಕಾದ ಸೌದೆಯೇ ಇರಲಿಲ್ಲವೆಂದು ಗೊತ್ತಾದಾಗ ಹಗುರವಾಗಬೇಕಿತ್ತು. ಆಗಲಿಲ್ಲ. ಮೋಸ ಹೋದವಳಂತೆ ಸಿಟ್ಟು ಬಂತು.

ತಮ್ಮನಿಗೆ ಇದು ನಿಜವಾಗಿ ಪೆಟ್ಟು. ನನ್ನೊಬ್ಬಳದಾದರೆ ತಡೆದುಕೊಳ್ಳುತ್ತಿದ್ದ. ಈಗ ಮೂರರಲ್ಲಿ ಎರಡು ಪಾಲು ಕೈ ತಪ್ಪುತ್ತಿತ್ತು. ಅವನು ಜಗಳವಾಡಲಿಲ್ಲ. ಕರೆದ ಕಚೇರಿಗೆಲ್ಲ ಬಂದ, ಹೇಳಿದಲ್ಲೆಲ್ಲ ಸಹಿ ಹಾಕಿದ, ನಮ್ಮ ಜೊತೆ ಮಾತಾಡುವುದನ್ನು ನಿಲ್ಲಿಸಿದ. ಹೋಟೆಲಿನಲ್ಲಿ ಮೂವರಿಗೂ ಕಾಫಿ ಹೇಳುತ್ತಿದ್ದ, ತನ್ನ ಲೋಟ ಹಿಡಿದುಕೊಂಡು ಹೊರಗೆ ನಿಲ್ಲುತ್ತಿದ್ದ.

ಪೌತಿ ಖಾತೆ ಮೂವರ ಹೆಸರಿಗೆ ಜಂಟಿಯಾಗಿ ಆಯಿತು. ಆಮೇಲೆ ವಿಭಾಗಕ್ಕೆ 11ಇ ನಕ್ಷೆ ಬೇಕು, ಒಬ್ಬೊಬ್ಬರ ತುಂಡನ್ನು ಅಳೆದು ತೋರಿಸುವಂಥದ್ದು. ಅಷ್ಟರಲ್ಲಿ 2024ರ ಲೋಕಸಭಾ ಚುನಾವಣೆ ಬಂತು, ನೌಕರರೆಲ್ಲ ಮತಗಟ್ಟೆಯ ಕೆಲಸಕ್ಕೆ ಹೋದರು, ಎರಡು ತಿಂಗಳು ಹಾಗೆಯೇ ಕಳೆಯಿತು. ಈ ಭಾಗದ ಬಗ್ಗೆ ಬರೆಯುವಂಥದ್ದೇನೂ ಇಲ್ಲ. ಕಾಯುವುದು ಬಂದವರಿಗೆ ಸರ್ಕಾರಿ ಕೆಲಸ ಕಷ್ಟವಲ್ಲ, ನನಗೆ ಬರುತ್ತದೆ.

ಅಳತೆಯ ದಿನ ಮಾತ್ರ ಮರೆಯುವುದಿಲ್ಲ. ನಾನು ಸರಪಳಿ ತರುತ್ತಾರೆಂದುಕೊಂಡಿದ್ದೆ. ಸರ್ವೆಯವರು ಕೋಲಿನ ತುದಿಗೆ ಕಟ್ಟಿದ ಯಂತ್ರ ತಂದಿದ್ದರು. ಪಾಠ ಮಾಡುವಾಗ ನೂರಾರು ಸಲ ಹೇಳಿದ್ದೆ: ಒಂದು ಸರಪಳಿ 33 ಅಡಿ, ಉದ್ದ ಒಂದು ಸರಪಳಿ ಅಗಲ ಒಂದು ಸರಪಳಿ ಆದರೆ ಒಂದು ಗುಂಟೆ, 1,089 ಚದರ ಅಡಿ. ಆ ದಿನ ಮೊದಲ ಬಾರಿಗೆ ಒಂದು ಗುಂಟೆಯ ನಾಲ್ಕು ಮೂಲೆಗೂ ನಡೆದು ನೋಡಿದೆ. ತುಮಕೂರಿನಲ್ಲಿ ನಮ್ಮ ಮನೆ ನಿಂತಿರುವುದು ಮೂವತ್ತು ನಲವತ್ತರ ನಿವೇಶನದಲ್ಲಿ, 1,200 ಅಡಿ. ಹದಿನೈದು ವರ್ಷ ಸಾಲ ತೀರಿಸಿದ ಆ ಮನೆ, ಮಗನ ಕೋಣೆ, ಅಡುಗೆಮನೆ, ತುಳಸಿಕಟ್ಟೆ ಸಮೇತ, ಒಂದು ಗುಂಟೆಗಿಂತ ಒಂದು ಕೋಣೆಯಷ್ಟು ಹೆಚ್ಚು. ಅಂಥ ನಲವತ್ತೊಂದು ಮನೆ ಹಿಡಿಯುವ ನೆಲ ನನ್ನ ಪಾಲಿಗೆ ಬರುತ್ತಿತ್ತು. ಬೀಗಬೇಕಾಗಿತ್ತು. ಆದರೆ ಕಲ್ಲು ನೆಟ್ಟು ಸುಣ್ಣ ಬಳಿದ ಮೇಲೆ ನೋಡಿದರೆ, ಇಷ್ಟೇ. ಆ ಕಲ್ಲಿನಿಂದ ಈ ಕಲ್ಲಿಗೆ. ಹಳ್ಳದ ಅಂಚಿನಲ್ಲಿ ಮುಳ್ಳುಗಿಡ, ನಡುವೆ ಎರಡು ಸೋರು ರೋಗದ ಮರ. ಇಷ್ಟು ವರ್ಷ ನಾನು ಉರಿದುಕೊಂಡ ತೋಟಕ್ಕೆ ಅಂಚೇ ಇರಲಿಲ್ಲ. ಇದಕ್ಕೆ ನಾಲ್ಕು ಕಡೆಯೂ ಇತ್ತು.

ಕಿರಿಯವನು ಮೊದಲು ಆರಿಸಿಕೊಳ್ಳಬೇಕೆಂಬುದು ನಮ್ಮ ಕಡೆಯ ರೂಢಿ. ತಮ್ಮ ಮನೆಯ ಪಕ್ಕದ ತುಂಡು ತೆಗೆದುಕೊಂಡ. ಊರಿನ ಮನೆ ಅವನಿಗೇ ಎಂದು ನಾವಿಬ್ಬರೂ ಮೊದಲೇ ಹೇಳಿದ್ದೆವು. ಮರ ಎಣಿಸಿದರೆ ಅವನಿಗೆ 44, ನನಗೆ 48, ಅಕ್ಕನಿಗೆ 51. ಅಕ್ಕನಿಗೆ ಮೂರು ಮರ ಹೆಚ್ಚು ಎಂಬುದು ನನಗೆ ಆ ಕ್ಷಣವೇ ಹೊಳೆಯಿತು. ಇಷ್ಟೆಲ್ಲ ಆದ ಮೇಲೂ.

ಜೂನಿನಲ್ಲಿ ನೋಂದಣಿ. ಉಪ ನೋಂದಣಿ ಕಚೇರಿಯಲ್ಲಿ ಫೋಟೋ ತೆಗೆದು ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಾರೆ. ಅಕ್ಕನ ಹೆಬ್ಬೆರಳಿನ ಗೆರೆ ಯಂತ್ರಕ್ಕೆ ಸಿಗಲಿಲ್ಲ. ಒರೆಸಿದರು, ಒದ್ದೆ ಮಾಡಿದರು, ಮತ್ತೆ ಒತ್ತಿಸಿದರು. ಅಷ್ಟು ವರ್ಷ ಹುಣಸೆಹಣ್ಣು ಕಿವುಚಿ, ಪಾತ್ರೆ ತಿಕ್ಕಿ ಸವೆದ ಬೆರಳು. ಐದನೆಯ ಸಲಕ್ಕೆ ತೆಗೆದುಕೊಂಡಿತು. ಪತ್ರದ ಪ್ರತಿ ಕೈಗೆ ಬಂದಾಗ ಅವಳು ತನ್ನ ಹೆಸರಿರುವ ಜಾಗವನ್ನು ತೋರಿಸು ಎಂದು ನನ್ನನ್ನು ಕೇಳಿದಳು. ಕನ್ನಡಕ ತಂದಿರಲಿಲ್ಲ. ತೋರಿಸಿದೆ. ಮಡಿಸಿ ನನಗೇ ಕೊಟ್ಟಳು. "ನಿನ್ನ ಬೀರುವಿನಲ್ಲಿರಲಿ" ಎಂದಳು. ಇಂದಿಗೂ ಅಲ್ಲೇ ಇದೆ.

ಆಗಸ್ಟಿನಲ್ಲಿ ನನ್ನ ಹೆಸರಿನ ಪಹಣಿ ಬಂತು. ಸೆಪ್ಟೆಂಬರಿನಲ್ಲಿ ಗೌರಿ ಹಬ್ಬಕ್ಕೆ ಬಾಗಿನವೂ ಬಂತು, ಕೊರಿಯರ್‌ನಲ್ಲಿ. ಮೊರದ ಅಂಚು ಮುರಿದು, ಬಳೆ ಎರಡು ಒಡೆದಿದ್ದವು. ಪಾಲು ಕೇಳಿದರೆ ತವರಿನ ಬಾಗಿಲು ಮುಚ್ಚುತ್ತದೆ ಎಂದು ಹೆದರಿಸಿದವರಿದ್ದರು. ಬಾಗಿಲು ಮುಚ್ಚಿರಲಿಲ್ಲ, ಆದರೆ ಬಾಗಿಲಲ್ಲಿ ಯಾರೂ ನಿಂತಿರಲಿಲ್ಲ.

ತೋಟ ಯಾರು ನೋಡಿಕೊಳ್ಳಬೇಕೆಂದು ಮಾತಾಗಿರಲಿಲ್ಲ. ತಮ್ಮ ತನ್ನ 44 ಮರಕ್ಕೆ ಮಾತ್ರ ನೀರು ಬಿಡುತ್ತಿದ್ದ. ವಾರಕ್ಕೊಮ್ಮೆ ಬಸ್ ಹತ್ತಿ ನಾನೇ ಹೋಗತೊಡಗಿದೆ. ಕಾಯಿ ಕೀಳುವವರು ಸಿಗುವುದಿಲ್ಲ, ಸಿಕ್ಕರೆ ಹೇಳಿದ ದಿನ ಬರುವುದಿಲ್ಲ, ಬಂದರೆ ಮರಕ್ಕಿಷ್ಟು ಎಂದು ಮೊದಲೇ ಎಣಿಸಿಕೊಳ್ಳುತ್ತಾರೆ. ನುಸಿ ಬಿದ್ದ ಕಾಯಿ ಚಿಕ್ಕದಾಗಿ, ಸಿಪ್ಪೆ ಬಿರಿದು ಕಂದಾಗಿರುತ್ತದೆ. ಆ ರೋಗ ನಮ್ಮ ಕಡೆಗೆ ಬಂದದ್ದು ಅಪ್ಪನ ಕೊನೆಗಾಲದಲ್ಲಿ. ಅಲ್ಲಿಂದ ಇಲ್ಲಿಯವರೆಗೆ ತಮ್ಮ ಅದರ ಜೊತೆ ಹೆಣಗಿದ್ದ. ನಾನು ಆ ವರ್ಷಗಳಲ್ಲಿ ಟೈಲ್ಸ್ ಎಣಿಸುತ್ತಿದ್ದೆ.

ಕಾಯಿ ಕಿತ್ತ ಮೇಲೆ ಇನ್ನೊಂದು ತೊಡಕು. ತಿಪಟೂರಿನ ಉಂಡೆ ಕೊಬ್ಬರಿ ಬಿಸಿಲಿನಲ್ಲಿ ಆಗುವುದಲ್ಲ. ಸಿಪ್ಪೆ ಸಮೇತ ಕಾಯನ್ನು ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಇಡಬೇಕು. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಒಣಗಿ ಕರಟದಿಂದ ಬಿಡಬೇಕು. ಅಲ್ಲಾಡಿಸಿದರೆ ಗಡಗಡ ಎನ್ನಬೇಕು. ಅವಸರ ಮಾಡಿ ಒಡೆದರೆ ತಿರುಳು ಕರಟಕ್ಕೆ ಕಚ್ಚಿಕೊಂಡೇ ಇರುತ್ತದೆ. ನನಗೆ ಮರವಿತ್ತು, ಅಟ್ಟವಿರಲಿಲ್ಲ. ಅಟ್ಟ ಇದ್ದದ್ದು ನಾವು ತಮ್ಮನಿಗೆ ಬಿಟ್ಟುಕೊಟ್ಟ ಮನೆಯಲ್ಲಿ.

ಎರಡು ಸಾವಿರ ಕಾಯಿಯ ರಾಶಿಯ ಪಕ್ಕ ನಿಂತು ಯೋಚಿಸುತ್ತಿದ್ದಾಗ ತಮ್ಮನ ಹೆಂಡತಿ ಬಂದಳು. "ಅತ್ತಿಗೆ, ಪೂರ್ವದ ಅಂಕಣ ಖಾಲಿ ಇದೆ. ಹಾಕಿಸಿ. ಅವರನ್ನು ಕೇಳಬೇಡಿ, ಕೇಳಿದರೆ ಇಲ್ಲ ಎನ್ನಬೇಕಾಗುತ್ತದೆ." ಮೂವತ್ತು ವರ್ಷದಲ್ಲಿ ನನ್ನ ಜೊತೆ ಅವಳು ಆಡಿದ ಅತಿ ಉದ್ದದ ಮಾತು ಅದು. ಅಮ್ಮ ಹಾಸಿಗೆ ಹಿಡಿದ ಮೂರು ವರ್ಷವೂ ನಾನು ಬಂದಾಗಲೆಲ್ಲ ಕಾಫಿ ತಂದಿಟ್ಟು ಒಳಗೆ ಹೋಗುತ್ತಿದ್ದವಳು.

ರಾತ್ರಿ ತಮ್ಮ ಅಟ್ಟ ನೋಡಿದ. ಏನೂ ಅನ್ನಲಿಲ್ಲ. ಊಟವಾದ ಮೇಲೆ ಒಳಗಿನಿಂದ ಲೆಕ್ಕದ ಪುಸ್ತಕ ತಂದು ನನ್ನ ಮುಂದಿಟ್ಟ. "ತೋಟಕ್ಕೆ ಏನೇನು ಹಿಡಿಯುತ್ತದೆ ನೋಡು. ನೀನು ಗಣಿತದವಳು." ಕೊಳವೆಬಾವಿಯ ಮೋಟರು, ಗೊಬ್ಬರ, ಬೇರಿಗೆ ಔಷಧಿ, ಕೂಲಿ, ತಿಂಗಳು ತಿಂಗಳಿನದು. ನೋಡುತ್ತಾ ಹೋದೆ. 2020ರ ಪುಟಗಳಲ್ಲಿ ಕೂಲಿಯ ಲೆಕ್ಕದ ನಡುವೆ ಬೇರೆ ಸಾಲುಗಳಿದ್ದವು. ಅಮ್ಮನ ಡೈಪರ್. ಅಮ್ಮನ ಮುಲಾಮು. ಗಾಳಿ ಹಾಸಿಗೆ. ಡೈಪರ್. ಡೈಪರ್. ಪುಟದ ಕೆಳಗೆ ಅವನು ಹಾಕಿದ ಮೊತ್ತವನ್ನು ಅಭ್ಯಾಸಬಲದಿಂದ ತಾಳೆ ನೋಡಿದೆ. ತಪ್ಪಿತ್ತು. ಇನ್ನೊಮ್ಮೆ ಕೂಡಿದಾಗ ಗೊತ್ತಾಯಿತು, ಆ ಸಾಲುಗಳನ್ನು ಬರೆದಿದ್ದ, ಮೊತ್ತಕ್ಕೆ ಸೇರಿಸಿರಲಿಲ್ಲ.

ಅದರ ಬಗ್ಗೆ ನಾನೇನೂ ಕೇಳಲಿಲ್ಲ. "ನಮ್ಮಿಬ್ಬರದನ್ನೂ ನೀನೇ ನೋಡಿಕೋ. ಖರ್ಚು ಕಳೆದು ಉಳಿದದ್ದರಲ್ಲಿ ಅರ್ಧ ನಿನಗೆ" ಎಂದೆ. ಫೋನಿನಲ್ಲಿ ಅಕ್ಕನೂ ಹೂಂ ಎಂದಳು. ತಮ್ಮ ಪುಸ್ತಕ ಮುಚ್ಚಿ, "ಹುಷಾರು. 1974ರ ಭೂಸುಧಾರಣೆಯಲ್ಲಿ ಹೀಗೆಯೇ ನಂಬಿ ಕೊಟ್ಟವರೆಲ್ಲ ಜಮೀನು ಕಳೆದುಕೊಂಡರು. ಉಳುವವನೇ ಹೊಲದೊಡೆಯ" ಎಂದ. ಒಂದು ವರ್ಷದ ಮೇಲೆ ಅವನು ಆಡಿದ ಮೊದಲ ತಮಾಷೆ. ನಗಬೇಕೋ ಬೇಡವೋ ತಿಳಿಯದೆ ಅವನ ಹೆಂಡತಿ ಅಡುಗೆಮನೆಗೆ ಹೋದಳು.

ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. 2025ರ ಜನವರಿಯಲ್ಲಿ ಮೋಟರು ಸುಟ್ಟಿತು, ಮಗಳ ಕಾಲೇಜು ಶುಲ್ಕದ ಕೊನೆಯ ಕಂತು ಬಂತು, ತಮ್ಮ ತನ್ನ ಕೊಬ್ಬರಿಯನ್ನೆಲ್ಲ ಮಾರಿದ. ಬೆಲೆ ಆಗಷ್ಟೇ ಏರತೊಡಗಿತ್ತು. ನನ್ನದು ಇನ್ನೂ ಒಣಗಿರಲಿಲ್ಲ. ಆ ವರ್ಷ ಬೆಂಬಲ ಬೆಲೆ 12,100. ಜೂನ್ ಜುಲೈ ಹೊತ್ತಿಗೆ ಮಾರುಕಟ್ಟೆ ಅದರ ಎರಡು ಪಟ್ಟನ್ನೂ ದಾಟಿ ಹೋಯಿತು. ತಿಪಟೂರಿನಲ್ಲಿ ಯಾರೂ ಕಂಡರಿಯದ ದರ. ನಾನು ತುಮಕೂರಿನಲ್ಲಿ ಕುಳಿತು ದಿನಾ ಮೊಬೈಲಿನಲ್ಲಿ ದರ ನೋಡುತ್ತಿದ್ದೆ. ಸುಳ್ಳು ಹೇಳುವುದಿಲ್ಲ, ಮೊದಲು ಬಂದದ್ದು ಕುಣಿಯುವಂಥ ಸಂತೋಷ. ತಮ್ಮನಿಗೆ ಸಿಗಲಿಲ್ಲ, ನನಗೆ ಸಿಕ್ಕಿತು ಎನ್ನುವುದೂ ಅದರಲ್ಲಿ ಸೇರಿತ್ತು.

ತಮ್ಮನೇ ಫೋನ್ ಮಾಡಿದ. "ಚಿಕ್ಕಕ್ಕ, ನಿನ್ನದು ಗಡಗಡ ಎನ್ನುತ್ತಿದೆ. ಒಡೆಸಲೇ?" ದನಿಯಲ್ಲಿ ಏನೂ ಇರಲಿಲ್ಲ. ಹೋದೆ. ಆಳುಗಳು ಸುಲಿದು, ಕರಟ ಒಡೆದು, ಉಂಡೆ ಬೇರೆ ಹೋಳು ಬೇರೆ ಮಾಡಿದರು. ಎರಡೂವರೆ ಕ್ವಿಂಟಲ್ ಆಯಿತು. ಚೀಲ ತೂಕಕ್ಕೆ ಇಡುವಾಗ ತಮ್ಮನ ಹೆಂಡತಿ ಕಂಬಕ್ಕೆ ಒರಗಿ ತಕ್ಕಡಿಯ ಮುಳ್ಳನ್ನೇ ನೋಡುತ್ತಿದ್ದಳು. ಅವಳ ತುಟಿ ಅಲ್ಲಾಡುತ್ತಿತ್ತು, ಲೆಕ್ಕ ಹಾಕುತ್ತಿದ್ದಳು. ಆ ನೋಟ ನನಗೆ ಚೆನ್ನಾಗಿ ಗೊತ್ತು. ಅದೇ ಮನೆಯ ನೆಲವನ್ನು ನಾನು ಹಾಗೆಯೇ ನೋಡುತ್ತಿದ್ದೆ.

ದುಡ್ಡು ಬಂದ ದಿನ ಎಲ್ಲವನ್ನೂ ಅವರಿಗೇ ಕೊಟ್ಟುಬಿಡೋಣ ಎಂದು ಒಂದು ಗಳಿಗೆ ಅನ್ನಿಸಿತು. ಆಮೇಲೆ ನಾನು ನೋಡುತ್ತಿರುವುದು ಬೇಡ ಎನ್ನಬಲ್ಲ ಐಶ್ವರ್ಯವನ್ನು ಎಂದು ತಿಳಿದು ಸುಮ್ಮನಾದೆ. ಮಾತಿನಂತೆ ಅರ್ಧ ತಮ್ಮನಿಗೆ ಕೊಟ್ಟೆ. ನನ್ನ ಅರ್ಧದಿಂದ ಐದು ಸಾವಿರ ತೆಗೆದು ಅವನ ಹೆಂಡತಿಯ ಕೈಯಲ್ಲಿಟ್ಟು, "ಅಟ್ಟದ ಬಾಡಿಗೆ, ಇದು ನಿನಗೆ" ಎಂದೆ. ಬೇಡ ಅತ್ತಿಗೆ ಎಂದು ಹಿಂದಕ್ಕೆ ಸರಿಯುತ್ತಾಳೆಂದುಕೊಂಡಿದ್ದೆ. ಸರಿಯಲಿಲ್ಲ. ಸೆರಗಿನಲ್ಲಿ ಕೈ ಒರೆಸಿಕೊಂಡು, ನೋಟುಗಳನ್ನು ಒಂದೊಂದಾಗಿ ಎಣಿಸಿ ತೆಗೆದುಕೊಂಡಳು. ಎಣಿಸಿದ್ದು ನನಗೆ ಇಷ್ಟವಾಯಿತು.

ಆ ವರ್ಷ ಗೌರಿ ಬಾಗಿನ ಹಿಡಿದುಕೊಂಡು ಗಂಡ ಹೆಂಡತಿ ಇಬ್ಬರೂ ಬಂದರು. ಮೊರದಲ್ಲಿ ಅಕ್ಕಿ, ಬೇಳೆ, ಬೆಲ್ಲದಚ್ಚು, ಬಳೆ, ಬಿಚ್ಚೋಲೆ, ರವಿಕೆ ಕಣ, ತೆಂಗಿನಕಾಯಿ. ಕಾಯಿ ಯಾರ ಮರದ್ದು ಎಂದು ಕೇಳಿದೆ. ನೋಡಲಿಲ್ಲ ಎಂದ. ಅವರು ಅಕ್ಕನ ಮನೆಗೂ ಹೋಗಿ ಕೊಟ್ಟು ಬಂದಿದ್ದರು. ಸಂಜೆ ಅಕ್ಕ ವಿಡಿಯೊ ಕರೆ ಮಾಡಿ ತನ್ನ ಮೊರ ತೋರಿಸಿದಳು. ಅವಳ ರವಿಕೆ ಕಣ ಗಿಣಿ ಹಸಿರು, ನನ್ನದು ಕಂದು. ನನ್ನ ಹತ್ತಿರ ಕಂದು ಬಣ್ಣದ ರವಿಕೆ ಆಗಲೇ ಮೂರಿವೆ.

"ಅಕ್ಕ, ಆ ಹಸಿರು ನನಗೆ ಬೇಕು" ಎಂದೆ. ಅರವತ್ತನಾಲ್ಕು ವರ್ಷದಲ್ಲಿ ಅವಳದೊಂದು ವಸ್ತುವನ್ನು ಬಾಯಿ ಬಿಟ್ಟು ಕೇಳಿದ್ದು ಅದೇ ಮೊದಲು.

"ಕೊಡುವುದಿಲ್ಲ ಹೋಗೆ" ಎಂದಳು ಅಕ್ಕ.